ಹೊಟ್ಟೆಬಾಕ ಸೂತ್ರ ಮತ್ತು ಅತ್ತೆಯ ಮುನಿಸು

ಆಫೀಸಿನಲ್ಲಿ ಅವಳಿಗೆ ಇಟ್ಟ ಹೆಸರು ಜರಡಿ. ಮೇಜು ಕುರ್ಚಿ ಮಾರುವ ಕಂಪನಿಯೊಂದರ ವೆಬ್‌ಸೈಟಿಗೆ ಕಾವಲು ಕಾಯುವುದು ಅವಳ ಕೆಲಸ. ಯಾರಾದರೂ ಕಿಡಿಗೇಡಿತನ ಮಾಡಲು ಬಂದರೆ ಕಾವಲಿನ ತಂತ್ರಾಂಶ ಬಾಗಿಲಲ್ಲೇ ತಡೆದು, ಯಾಕೆ ತಡೆದೆ ಎಂದು ಲಾಗ್‌ನಲ್ಲಿ ಒಂದು ಸಾಲು ಬರೆದಿಡುತ್ತದೆ. ಆ ರಾಶಿಯಿಂದ ಕಾರಣ ಸೋಸಿ ತೆಗೆಯುವವಳು ಇವಳು. ಕಾರಣ ಸಿಗದಿದ್ದರೆ ಊಟ ಸೇರುವುದಿಲ್ಲ. ಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದರೂ ವಿಚಾರಣೆ ನಡೆಸುತ್ತಾಳೆ. ಗಂಡ ಪಾಪ, ಸಾಕ್ಷಿ ಹೇಳಿ ಹೇಳಿ ಸುಸ್ತಾಗಿದ್ದಾನೆ.

ಇಂಥವಳ ಕಾವಲು ಒಂದು ದಿನ ಅವಳ ಅತ್ತೆಯನ್ನೇ ಹೊರಗೆ ನಿಲ್ಲಿಸಿತು. ಏನೋ ಕೊಳ್ಳಲು ಹೋದವರಿಗೆ 'ನಿಮ್ಮ ಕೋರಿಕೆ ಅನುಮಾನಾಸ್ಪದ' ಎಂದು ಬಂತಂತೆ.

"ನನ್ನನ್ನ ಕಳ್ಳಿ ಅಂತಿದೆಯಲ್ಲ ನಿನ್ನ ಕಂಪ್ಯೂಟರು!" ಎಂದರು ಅತ್ತೆ ಫೋನಿನಲ್ಲಿ.

"ಏನೋ ತಪ್ಪು ಒತ್ತಿರ್ತೀರ ಅತ್ತೆ," ಎಂದುಬಿಟ್ಟಳು ಸೊಸೆ.

ಅಲ್ಲಿಗೆ ಮಾತು ಬಂದ್. ದಿನಾ ಸಂಜೆ ಫೋನಿನಲ್ಲಿ ಹರಟೆ ಹೊಡೆಯುವ ಜೋಡಿ ಅದು. ಅವಳಿಗೆ ತಡೆಯಲಾಗದಷ್ಟು ಬೇಜಾರಾಯಿತು.

ಅತ್ತೆ ಸರಿಯೋ ಯಂತ್ರ ಸರಿಯೋ ನೋಡಿಯೇಬಿಡೋಣ ಎಂದು ಲಾಗ್ ತೆರೆದಳು. ಪ್ರತಿ ಸಾಲಿನಲ್ಲೂ ತಡೆದದ್ದರ ವಿವರ ಹೇಳುವ ಐದಾರು ಟ್ಯಾಗ್‌ಗಳು, ಒಂದೊಂದೂ ಉದ್ಧರಣ ಚಿಹ್ನೆಯೊಳಗೆ. ಚಿಹ್ನೆಯಿಂದ ಚಿಹ್ನೆಯವರೆಗೆ ಇರುವುದನ್ನು ಎತ್ತಿಕೊ ಎಂದು ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಹುಡುಕಿ ತೆಗೆಯುವ ಸೂತ್ರ, ಬರೆದಳು. ಅದೋ ಮಹಾ ಹೊಟ್ಟೆಬಾಕ. ಮೊದಲ ಟ್ಯಾಗಿಗೆ ಬಾಯಿ ಹಾಕಿದ್ದು ಸಾಲಿನ ಕೊನೆಯ ಚಿಹ್ನೆಯವರೆಗೂ ಎಲ್ಲವನ್ನೂ ಒಂದೇ ತುತ್ತು ಮಾಡಿತು. ತಲೆ ಚಚ್ಚಿಕೊಂಡು, ಸೂತ್ರದ ನಡುವೆ ಒಂದು ಪ್ರಶ್ನಾರ್ಥಕ ಚಿಹ್ನೆ ಸೇರಿಸಿದಳು. ಮೊದಲು ಸಿಕ್ಕ ಕಡೆಯೇ ನಿಲ್ಲು ಎಂದು ಅದರ ಅರ್ಥ. ಟ್ಯಾಗ್‌ಗಳು ಬಿಡಿಬಿಡಿಯಾಗಿ ಉದುರಿದವು. ಅತ್ತೆಯ ಸಾಲಿಗೆ ಬಿದ್ದಿದ್ದ ಟ್ಯಾಗುಗಳಲ್ಲೊಂದು, 'ಡೇಟಾಬೇಸ್ ಮೇಲೆ ದಾಳಿ'.

ಅತ್ತೆ, ದಾಳಿ! ಅವಳಿಗೆ ನಗು ತಡೆಯಲಾಗಲಿಲ್ಲ. ಸಾಮಾನು ತಲುಪಿಸುವವರಿಗೆ ಅತ್ತೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಸೂಚನೆಯೂ ಅಲ್ಲೇ ಇತ್ತು: 'ಡ್ರಾಪ್ ಟೇಬಲ್ ಅಟ್ ಬ್ಯಾಕ್ ಡೋರ್.' ಟೇಬಲನ್ನು ಹಿಂದಿನ ಬಾಗಿಲಲ್ಲಿ ಇಳಿಸಿ ಎಂಬುದು ಅತ್ತೆಯ ಲೆಕ್ಕ. ಡೇಟಾಬೇಸಿನ ಭಾಷೆಯಲ್ಲಿ ಮಾತ್ರ 'ಡ್ರಾಪ್ ಟೇಬಲ್' ಎಂದರೆ ಕೂಡಿಟ್ಟ ಮಾಹಿತಿಯನ್ನು ಅಳಿಸಿಹಾಕು ಎಂಬ ಆಜ್ಞೆ. ನಗುತ್ತಲೇ ಮುಂದೆ ಓದಿದಳು. 'ಸೊಸೆಗೆ ಗೊತ್ತಾಗಬಾರದು. ಹಾಸಿಗೆ ಮೇಲೆ ಕೂತು ಕೆಲಸ ಮಾಡಿ ಬೆನ್ನು ನೋಯಿಸ್ಕೊಂಡಿದಾಳೆ ಪಾಪ.'

ಅವಳ ಕಣ್ಣು ತುಂಬಿ ಬಂತು. ಕಾವಲಿನ ನಿಯಮ ಸಡಿಲಿಸಿ ಫೋನ್ ಮಾಡಿದಳು.

"ಅತ್ತೆ, ತಪ್ಪು ನಮ್ದೇ. ಸರಿ ಮಾಡಿದೀನಿ, ಈಗ ಆರ್ಡರ್ ಹೋಗುತ್ತೆ."

"ಹಾಗೆ ಬಾ ದಾರಿಗೆ! ಏನಾಗಿತ್ತಂತೆ?" ಅತ್ತೆಯ ದನಿಯಲ್ಲಿ ಸಣ್ಣ ಅಳುಕು.

ಕಾರಣ ನಾಲಿಗೆಯ ತುದಿಯಲ್ಲೇ ಇತ್ತು.

"ಎಷ್ಟು ಹುಡುಕಿದ್ರೂ ಗೊತ್ತಾಗ್ಲಿಲ್ಲ ಅತ್ತೆ."

"ಅಷ್ಟು ಓದಿ ಇದೂ ಗೊತ್ತಾಗ್ಲಿಲ್ವಾ?" ಎಂದು ಅತ್ತೆ ಖುಷಿಯಿಂದ ಬೈದರು. ಜರಡಿ ಹೂಂ ಹೂಂ ಎನ್ನುತ್ತ ಅಷ್ಟನ್ನೂ ಬೈಸಿಕೊಂಡಳು.