ತುಟಿಯ ಮುಂದಿನ ಕಾಗದದ ಪಟ್ಟಿ

ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಇಂಗ್ಲಿಷಿನ ‘ಪ’ ಕಲಿಸಲು ಒಂದು ಕಾಗದದ ಪಟ್ಟಿ ಇಟ್ಟುಕೊಂಡಿದ್ದರು. ಅದನ್ನು ತುಟಿಯ ಮುಂದೆ ಹಿಡಿದು ‘ಪೆನ್’ ಎನ್ನಬೇಕು. ಉಸಿರು ತಾಗಿ ಕಾಗದ ಅಲುಗಿದರೆ ‘ಗುಡ್ ಗರ್ಲ್’. ಅಲುಗದಿದ್ದರೆ ಮತ್ತೊಮ್ಮೆ. ನಾನೂ ನನ್ನ ಬೆಂಚಿನ ಗೆಳತಿಯೂ ಒಬ್ಬರ ತುಟಿಯ ಮುಂದೆ ಒಬ್ಬರು ಪಟ್ಟಿ ಹಿಡಿದು, ನಕ್ಕು ನಕ್ಕು ಕಲಿತವರು.

ಇಬ್ಬರೂ ಇಂಗ್ಲಿಷ್ ಟೀಚರುಗಳಾದೆವು, ರಿಟೈರೂ ಆದೆವು. ಆಮೇಲೆ ಆಕೆ ರಾಯಾಪುರದ ಹತ್ತಿರ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ತೆರೆದಳು. ಧಾರವಾಡಕ್ಕೆ ಓದಲು ಬಂದಿದ್ದ ಇಂಡೋನೇಷ್ಯಾದ ಕೆಲವು ಹುಡುಗಿಯರು ಅಲ್ಲಿಗೆ ಸೇರಿದಾಗ ನನ್ನನ್ನೂ ಕರೆದಳು. ಅವರ ಭಾಷೆಯ ಧ್ವನಿಗಳನ್ನು ಇಂಗ್ಲಿಷಿನ ಧ್ವನಿಗಳ ಪಕ್ಕಕ್ಕಿಟ್ಟು ನೋಡಿ, ಅವರಿಗಾಗಿಯೇ ಒಂದು ಕೋರ್ಸ್ ಮಾಡುವುದೆಂದು ಮಾತಾಯಿತು.

ಶನಿವಾರ ಸಂಜೆ ಉಣಕಲ್ಲಿನ ನನ್ನ ಮನೆಯಲ್ಲಿ ನಮ್ಮಿಬ್ಬರಿಗೂ ಚಹಾ, ಚುರುಮುರಿ, ಮತ್ತು ಈ ಧ್ವನಿಗಳು. ನಮಗಿರುವಂತೆ ಹ್ರಸ್ವ, ದೀರ್ಘ ಅವರಿಗಿಲ್ಲ; ‘ಶಿಪ್’ ಅಂದರೂ ‘ಶೀಪ್’ ಅಂದರೂ ಒಂದೇ. ‘ವೆರಿ’ ಅವರ ಬಾಯಲ್ಲಿ ‘ಫೆರಿ’. ನಾವು ವರ್ಣಮಾಲೆಯಲ್ಲಷ್ಟೇ ಉಳಿಸಿಕೊಂಡ ‘ಙ’ ಅವರಿಗೆ ಪದದ ಮೊದಲಿಗೇ ಬಂದರೂ ಸಲೀಸು. ಆದರೆ ಅವರ ‘ಪ’ ನಮ್ಮ ಕನ್ನಡದ ‘ಪ’ದಂತೆಯೇ, ಉಸಿರಿಲ್ಲದ್ದು. ಹಾಗಾಗಿ ಸಿಸ್ಟರ್ ಕಲಿಸಿದ ಪಟ್ಟಿ ಕ್ಲಾಸಿನಲ್ಲಿ ಮತ್ತೆ ಹೊರಬಂತು. ಒಬ್ಬ ಹುಡುಗಿಯಂತೂ ಕಾಗದ ಅಲುಗಿದಾಗಲೆಲ್ಲ “ಇಬು! ಇಬು!” ಎಂದು ನನ್ನನ್ನು ಕೂಗಿ ತೋರಿಸುತ್ತಿದ್ದಳು. ಹಿರಿಯ ಹೆಂಗಸರನ್ನು ಅವರು ಹಾಗೆ ಕರೆಯುತ್ತಾರೆ, ತಾಯಿ ಎಂದು.

“ಕೋರ್ಸಿನ ರೆಕಾರ್ಡಿಂಗಿಗೆ ನಿಂದ ವಾಯ್ಸ್,” ಅಂದಳು ಗೆಳತಿ ಒಂದು ಶನಿವಾರ. “ಹುಡುಗ್ಯಾರು ನಿನ್ನ ಕೇಳೇ ಕಲೀಬೇಕು.”

ಈ ವಯಸ್ಸಿನಲ್ಲಿ ಅಂಥ ಮಾತು ಯಾರಿಗೆ ಬೇಡ? ನಾನು ಪಟ್ಟಿಗೆ ಕೈ ಹಾಕಿದೆ.

“ಏ, ಅದನ್ನ ಬಿಡಲೇ. ಮನ್ಯಾಗ ನನ್ನ ಜೋಡಿ ಹೆಂಗ ಮಾತಾಡ್ತೀ, ಹಂಗ ಓದು. ನ್ಯಾಚುರಲ್ ಇರ್ಲಿ.”

ಹಾಗೆಯೇ ಓದಿದೆ. ಪೆನ್, ಪೇಪರ್, ಪೀಪಲ್. ನಡುವೆ ಒಂದು ಗುಟುಕು ಚಹಾ.

ಕೋರ್ಸಿನ ಮೊದಲ ದಿನ ಇಳಕಲ್ ಸೀರೆ ಉಟ್ಟು ಹಿಂದಿನ ಬೆಂಚಿನಲ್ಲಿ ಕುಳಿತೆ. ಸ್ಪೀಕರಿನಿಂದ ಮೊದಲು ಬಂದದ್ದು ಯಾವಳೋ ಅಪರಿಚಿತ ಯುವತಿಯ ದನಿ. ಪರದೆಯ ಮೇಲೆ ‘ಮಾಡೆಲ್’ ಎಂದಿತ್ತು. ಅದರ ಬೆನ್ನಿಗೆ ನನ್ನ ದನಿ ಬಂತು. ಪರದೆಯ ಮೇಲೆ ‘ಡೋಂಟ್ ಸೇ ಇಟ್ ಲೈಕ್ ದಿಸ್’.

“ಕೇಳಿದಿರಾ? ಉಸಿರೇ ಇಲ್ಲ,” ಎಂದು ಗೆಳತಿ ಇಂಗ್ಲಿಷಿನಲ್ಲಿ ಹೇಳಿದಳು. ಹುಡುಗಿಯರು ನಕ್ಕರು. ನನ್ನನ್ನು ಇಬು ಎಂದು ಕೂಗುತ್ತಿದ್ದವಳು ಮಾತ್ರ ಹಿಂದಕ್ಕೆ ತಿರುಗಿ ನನ್ನನ್ನು ನೋಡಿ, ತಲೆ ತಗ್ಗಿಸಿದಳು.

ಕ್ಲಾಸ್ ಮುಗಿದ ಮೇಲೆ ಗೆಳತಿ ಬಾಗಿಲಲ್ಲಿ ನನ್ನ ಕೈ ಹಿಡಿದಳು. “ಹೆಸರೇನ ಹಾಕಿಲ್ಲಲ್ಲಾ. ಯಾರಿಗೆ ಗೊತ್ತಾಗ್ತೈತಿ?”

“ನನಗ ಗೊತ್ತಾತಲ್ಲ.”

“ತಪ್ಪು ಕೇಳಿಸಿದ್ರನ ಅವಕ್ಕ ಸರಿ ತಿಳೀತೈತಿ. ನೀನೂ ಟೀಚರ್ ಇದ್ದಾಕಿ. ಮೊದಲ ಹೇಳಿದ್ರ ನೀ ಒಪ್ತಿದ್ದೀ ಏನು?”

“ಒಪ್ತಿದ್ದೆ. ಸಣ್ಣಾಕಿದ್ದಾಗಿಂದ ನೀ ಕೇಳಿದ್ದಕ್ಕ ಯಾವಾಗರ ಇಲ್ಲ ಅಂದೇನೇನು?”

ಆಕೆ ನನ್ನ ಕೈ ಬಿಟ್ಟಳು. ನನ್ನ ‘ಪ’ ತಪ್ಪೆಂದು ತೋರಿಸಿದ್ದಕ್ಕೆ ನನಗೆ ಅಷ್ಟು ನೋವಿಲ್ಲ. ಪಟ್ಟಿ ಬಿಡು ಎಂದಾಗಲೇ ಆಕೆಗೆ ಎಲ್ಲ ಗೊತ್ತಿತ್ತು. ಜಗತ್ತಿನ ಎದುರು ನಾನು ಜೀವಮಾನವಿಡೀ ತುಟಿ ಬಿಗಿಹಿಡಿದು ಇಂಗ್ಲಿಷ್ ಆಡಿದವಳು. ಸಡಿಲ ಬಿಟ್ಟು ಆಡುತ್ತಿದ್ದುದು ಆಕೆಯೊಬ್ಬಳ ಹತ್ತಿರ. ಅದನ್ನೇ ಹಿಡಿದಿಟ್ಟಳು.

ಈಗಲೂ ಶನಿವಾರ ಫೋನ್ ಮಾಡುತ್ತಾಳೆ.

“ಇನ್ನೂ ಸಿಟ್ಟು ಇಳಿದಿಲ್ಲೇನವಾ? ಬರ್ಲೇನು ಚಾಕ್ಕ?”

ನನಗೆ ತಿಳಿಯದಂತೆಯೇ ಬೆನ್ನು ನೆಟ್ಟಗಾಗುತ್ತದೆ. “ಪರ್‌ಹ್ಯಾಪ್ಸ್ ಸಮ್ ಅದರ್ ಡೇ,” ಎನ್ನುತ್ತೇನೆ. ತುಟಿಯ ಮುಂದೆ ಸಿಸ್ಟರ ಪಟ್ಟಿ ಇದ್ದಿದ್ದರೆ ಚೆನ್ನಾಗಿ ಅಲುಗುತ್ತಿತ್ತು.