ಉಣ್ಣೆ ದಾರದ ದಾರಿ

೧೯೧೧ರ ಮಾಘದಲ್ಲಿ ನಾನು ಚಳ್ಳಕೆರೆಯಿಂದ ಕುಂದಾಪುರದ ಕಡಲಿನವರೆಗೆ ಸೈಕಲ್ಲಿನಲ್ಲಿ ಹೋಗಿಬಂದೆ. ದಾರಿ ಗೊತ್ತುಮಾಡಿಕೊಟ್ಟವರು ಹತ್ತಿರದ ನನ್ನಿವಾಳ ಗ್ರಾಮದ ಕುರಿಗಾರರೊಬ್ಬರು. ಪ್ರತಿ ಬೇಸಿಗೆ ಅವರು ಮಂದೆ ಹೊಡೆದುಕೊಂಡು ಘಟ್ಟದ ನೆತ್ತಿಯವರೆಗೆ ಹೋಗುತ್ತಿದ್ದರು.

ದಾರಿಯಲ್ಲಿ ಕುಡಿಯುವ ನೀರು ಸಿಕ್ಕೀತೇ ಎಂಬುದೇ ನನ್ನ ಚಿಂತೆ. ನಕ್ಷೆ ನೋಡಿ ಎರಡನೆಯ ದಿನಕ್ಕೆ ಒಂದು ಕೆರೆಯನ್ನು ಗುರುತಿಸಿದ್ದೆ. ಹೆಸರು ಕೇಳಿದ್ದೇ ಅವರು ಅಡ್ಡಡ್ಡ ತಲೆಯಾಡಿಸಿದರು.

"ಅದು ಸಂಕ್ರಾಂತಿಗೇ ಒಣಗ್ತೈತ್ರಿ. ನಾನು ನಡೆದಿದ್ದಷ್ಟೇ ಹೇಳ್ತೀನಿ."

ನೂಲುತ್ತಿದ್ದ ಉಣ್ಣೆ ದಾರವನ್ನು ಹಿಡಿದು, ಕಣ್ಣು ಮುಚ್ಚಿ, ನೀರಿರುವ ಒಂದೊಂದು ತಾಣದ ಹೆಸರು ಹೇಳುತ್ತ ಒಂದೊಂದು ಗಂಟು ಹಾಕಿದರು. ನಾನು ಬರೆದುಕೊಂಡೆ. ಗಂಟು ಇಪ್ಪತ್ತು ದಾಟಿದಾಗ ಅವರ ಹೆಂಡತಿ ಬಾಗಿಲಲ್ಲೇ ನಕ್ಕುಬಿಟ್ಟರು.

"ದಿನಕ್ಕೊಂದು ಗಂಟಾ? ಅವ್ರೇನು ಕುರಿ ಹೊಡ್ಕಂಡು ಹೋಗ್ತಾರಾ? ಚಕ್ರದ ಮ್ಯಾಲೆ ಹೋಗೋರು!"

ಕುರಿಗಾರರು ಒಂದು ಗಂಟನ್ನೂ ಬಿಚ್ಚಲಿಲ್ಲ. "ಬೇಕಾದ್ರೆ ಹಾರಿಸ್ಕಂಡು ಹೋಗ್ಲಿ ಬಿಡು. ನೀರಂತೂ ಅಲ್ಲೇ ಐತೆ."

ಘಟ್ಟದ ನೆತ್ತಿಗೆ ಗಂಟುಗಳು ಮುಗಿದವು. ಅಲ್ಲಿಂದ ಕೆಳಗಿನ ದಾರಿ ಕೇಳಿದೆ.

"ಇಳಿದಿಲ್ಲ. ನಡೆದಿದ್ದಷ್ಟೇ ಹೇಳ್ತೀನ್ರಿ."

ನಕ್ಷೆಯ ಕೆರೆ ಬಿರುಕು ಬಿಟ್ಟಿತ್ತು. ಕುರಿಗಾರರು ಹೇಳಿದ ತಾಣಗಳಲ್ಲಿ ನಾನು ಏಳು ಕಡೆ ನಿಂತೆ, ಏಳರಲ್ಲೂ ನೀರಿತ್ತು. ಘಟ್ಟದವರೆಗೆ ಒಮ್ಮೆಯೂ ಬಾಯಾರಲಿಲ್ಲ. ಅದು ಅವರ ಉಪಕಾರ.

ಮಳೆಗಾಲಕ್ಕೆ ಅವರು ಊರಿಗೆ ಮರಳಿದಾಗ ಕಡಲು ಕಂಡದ್ದನ್ನು ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಆ ನೀರು ಕುರಿ ಕುಡೀತಾವೇನ್ರಿ?"

"ಇಲ್ಲ, ಉಪ್ಪು" ಎಂದೆ.

ಮರುವರ್ಷವೂ ಅವರು ಘಟ್ಟದ ನೆತ್ತಿಯಿಂದಲೇ ಮಂದೆ ತಿರುಗಿಸಿದರು.