ಮಲಗಿದವರನ್ನು ಎಬ್ಬಿಸದ ಟಾರ್ಚು

ಜೈಲಿನ ವಾರ್ಡರ್ ಕೆಲಸಕ್ಕೆ ನಾನು ಸೇರಿದಾಗ ನನ್ನ ಮಗಳು ಇನ್ನೂ ಚಿಕ್ಕವಳು, ಮಾತು ಕಲಿಯುತ್ತಿದ್ದಳು. ಚಾಮರಾಜಪೇಟೆಯ ಹಳೆಯ ವಠಾರವೊಂದರಲ್ಲಿ ನಮ್ಮ ಮನೆ. ಗಂಡ ಸಿಟಿ ಬಸ್ಸಿನ ಕಂಡಕ್ಟರ್. ಅವರ ಪಾಳಿ, ನನ್ನ ಪಾಳಿ ಎರಡೂ ಹೊಂದಿಕೊಳ್ಳದ ದಿನಗಳಲ್ಲಿ ಮಗಳನ್ನು ನೋಡಿಕೊಳ್ಳುತ್ತಿದ್ದವರು ನನ್ನ ಅತ್ತೆ. ಆಕೆ ಬಹಳ ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದು ನಿವೃತ್ತರಾದವರು. ಸೊಸೆಗೆ ಸರ್ಕಾರಿ ಕೆಲಸ ಸಿಕ್ಕಿದ್ದಕ್ಕೆ ಅವರಿಗೆ ಖುಷಿಯಿತ್ತು. ಆದರೆ ಅದು ಜೈಲಿನ ಕೆಲಸ ಎನ್ನುವುದನ್ನು ವಠಾರದವರಿಗೆ ಹೇಳಲು ಮನಸ್ಸು ಬರುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಗೌರ್ಮೆಂಟ್ ಆಫೀಸು, ಊರಾಚೆ" ಎಂದು ಮಾತು ಮುಗಿಸುತ್ತಿದ್ದರು. ನಾನು ಖಾಕಿ ಬಟ್ಟೆಯನ್ನು ಒಣಹಾಕಿದರೆ ಅದರ ಮುಂದೆ ಒಂದು ಸೀರೆ ಹರಡಿ ಬರುತ್ತಿದ್ದರು. ನಾನೂ ಆ ಸೀರೆಯನ್ನು ಸರಿಸುತ್ತಿರಲಿಲ್ಲ.

ನನ್ನನ್ನು ಹಾಕಿದ್ದು ಹೆಂಗಸರ ವಿಭಾಗಕ್ಕೆ. ರಾತ್ರಿ ಪಾಳಿಯ ಮುಖ್ಯ ಕೆಲಸವೆಂದರೆ ಸುತ್ತು ಹಾಕುವುದು. ಬ್ಯಾರಕ್ಕಿನ ಕಂಬಿಗಳ ಹೊರಗೆ ನಿಂತು, ಒಳಗೆ ಸಾಲಾಗಿ ಮಲಗಿದವರನ್ನು ಎಣಿಸಬೇಕು. ಎಣಿಕೆ ಸರಿಯಾದರೆ ಸಾಲದು, ಪ್ರತಿಯೊಬ್ಬರೂ ಉಸಿರಾಡುತ್ತಿದ್ದಾರೆಯೇ ಎಂದೂ ನೋಡಬೇಕು. ಇದನ್ನು ಮೊದಲ ದಿನವೇ ಹೇಳಿಕೊಟ್ಟಿದ್ದು ನಮ್ಮ ಹಿರಿಯ ವಾರ್ಡರ್. "ಎದೆ ನೋಡು, ಮುಖ ಅಲ್ಲ. ಎದೆ ಏಳ್ತಾ ಇಳೀತಾ ಇದ್ರೆ ಮುಂದಿನವರ ಹತ್ರ ಹೋಗು" ಎಂದಿದ್ದರು. ಬ್ಯಾರಕ್ಕಿನ ಒಂದು ತುದಿಯಲ್ಲಿ ಬಲ್ಬು ಬೆಳಗಿನವರೆಗೆ ಉರಿಯುತ್ತಿತ್ತು. ಇನ್ನೊಂದು ತುದಿಗೆ ಅದರ ಬೆಳಕು ಮುಟ್ಟುತ್ತಿರಲಿಲ್ಲ. ಅಲ್ಲಿಗೆ ಟಾರ್ಚೇ ಗತಿ.

ನಮಗೆ ಕೊಟ್ಟಿದ್ದ ಟಾರ್ಚು ಮೊಳಕೈಯಷ್ಟು ಉದ್ದ. ಹೆಗಲಿಗೆ ನೇತುಹಾಕಿಕೊಂಡರೆ ನಡೆಯುವಾಗ ಸೊಂಟಕ್ಕೆ ಬಡಿಯುತ್ತಿತ್ತು. ಒತ್ತಿದರೆ ಮದುವೆಮನೆಯ ಫೋಕಸ್ ಲೈಟಿನಂತೆ ಬೆಳಕು. ಆ ಕತ್ತಲ ತುದಿಯಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ತಾಯಿ ತನ್ನ ಮಗುವಿನ ಜೊತೆ ಮಲಗುತ್ತಿದ್ದಳು. ವಿಚಾರಣೆ ಮುಗಿಯದ ಕೇಸು ಅವಳದು. ಮಗುವಿಗೆ ಹೊರಗೆ ಯಾರೂ ಇಲ್ಲದ್ದರಿಂದ ಅವಳ ಜೊತೆಯಲ್ಲೇ ಇತ್ತು. ಹೆಚ್ಚು ಕಡಿಮೆ ನನ್ನ ಮಗಳಷ್ಟೇ ವಯಸ್ಸು. ನನ್ನ ಬೆಳಕು ಅಲ್ಲಿಗೆ ಹೋದ ತಕ್ಷಣ ಮಗು ಬೆಚ್ಚಿ ಎದ್ದು ಕಿರುಚುತ್ತಿತ್ತು. ಅದರ ಹಿಂದೆ ಇಡೀ ಬ್ಯಾರಕ್ಕು ಏಳುತ್ತಿತ್ತು. ಯಾರೋ ಬೈಯುತ್ತಿದ್ದರು, ಯಾರೋ ಕೆಮ್ಮುತ್ತಿದ್ದರು. ಮಗು ಮತ್ತೆ ಮಲಗುವ ಹೊತ್ತಿಗೆ ನನ್ನ ಮುಂದಿನ ಸುತ್ತು ಬಂದಿರುತ್ತಿತ್ತು. ಈ ಕಾಟಕ್ಕೆ ಹೆಚ್ಚಿನವರು ಚಾದರವನ್ನು ತಲೆಯ ಮೇಲಿಂದಲೇ ಹೊದ್ದು ಮಲಗುತ್ತಿದ್ದರು.

ಒಂದು ದಿನ ಬೆಳಿಗ್ಗೆ ನೀರು ಹಿಡಿಯುವ ಜಾಗದಲ್ಲಿ ಆ ತಾಯಿ ನನ್ನ ಹತ್ತಿರ ಬಂದಳು. ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡಿದ್ದಳು.

"ಮೇಡಂ, ತಪ್ಪು ತಿಳ್ಕೋಬೇಡಿ. ಲೈಟು ಸ್ವಲ್ಪ ಕಮ್ಮಿ ಮಾಡಕ್ಕಾಗಲ್ವಾ? ಇವನು ಹಗಲೆಲ್ಲಾ ತೂಕಡಿಸ್ತಾನೆ. ಊಟಾನೂ ಮಾಡಲ್ಲ."

ಮಗು ಅವಳ ಹೆಗಲಿಗೆ ಮುಖ ಒತ್ತಿಕೊಂಡು ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿತ್ತು. "ನೋಡ್ತೀನಿ" ಎಂದೆ.

ಹಿರಿಯ ವಾರ್ಡರನ್ನು ಕೇಳಿದಾಗ ಅವರು ನಕ್ಕರು. "ಅದರಲ್ಲಿ ಕಮ್ಮಿ ಜಾಸ್ತಿ ಏನೂ ಇಲ್ಲಮ್ಮ. ಬೇಕಿದ್ರೆ ನೀನೇ ಒಂದು ತಗೋ, ಗೇಟಲ್ಲಿ ತೋರಿಸಿ ಒಳಗೆ ತಾ. ಆದ್ರೆ ದೊಡ್ಡದು ಬೇಡ, ಯಾರಾದ್ರೂ ಕಿತ್ಕೊಂಡು ತಲೆಗೆ ಹೊಡೀಬಹುದು. ಗಾಜು ಇರೋದು ಬೇಡ. ಚಾರ್ಜ್ ಮಾಡೋದಂತೂ ಬೇಡ, ಚಾರ್ಜರ್ ಒಳಗೆ ಬಿಡಲ್ಲ. ಸೆಲ್ಲು ಹಾಕೋದು ನೋಡು."

ಹೀಗೆ ಟಾರ್ಚು ಹುಡುಕುವ ಕೆಲಸ ಶುರುವಾಯಿತು. ಮೊದಲು ನಮ್ಮ ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲೇ ಒಂದು ಪ್ಲಾಸ್ಟಿಕ್ಕಿನದನ್ನು ತಂದೆ. ಅಗ್ಗವಾಗಿತ್ತು, ಚಿಕ್ಕದಾಗಿತ್ತು, ಬೆಳಕೂ ಮೆತ್ತಗಿತ್ತು. ಅದೇ ವಾರ ಕೀಲಿಗೊಂಚಲಿನ ಜೊತೆ ಕೈಜಾರಿ ಸಿಮೆಂಟಿನ ನೆಲಕ್ಕೆ ಬಿತ್ತು. ಮುಚ್ಚಳ ಒಂದು ಕಡೆ, ಸೆಲ್ಲು ಒಂದು ಕಡೆ, ಸ್ಪ್ರಿಂಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಕತ್ತಲಲ್ಲಿ ಮಂಡಿಯೂರಿ ನೆಲ ತಡವುತ್ತಿದ್ದಾಗ ಕಂಬಿಯಾಚೆಯಿಂದ ಯಾರೋ, "ಮೇಡಂ, ಬಲಗಡೆ ಉರುಳ್ತು" ಎಂದು ಹೇಳಿಕೊಟ್ಟರು.

ರಜೆಯ ದಿನ ಗಂಡನೂ ಜೊತೆಗೆ ಬಂದರು. ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಗಾಂಧಿ ಬಜಾರಿನವರೆಗೆ ನಡೆದೆವು. ಇಬ್ಬರಿಗೂ ಒಟ್ಟಿಗೆ ರಜೆ ಸಿಗುವುದೇ ಅಪರೂಪವಾದ್ದರಿಂದ ಟಾರ್ಚಿನ ನೆಪದಲ್ಲಿ ದೋಸೆಯನ್ನೂ ತಿಂದೆವು. ಅವರಿಗೆ ಒಂದು ದೊಡ್ಡ ಅಂಗಡಿಯ ಗಾಜಿನ ಕಪಾಟಿನಲ್ಲಿದ್ದ ವಿದೇಶದ ಟಾರ್ಚಿನ ಮೇಲೆ ಕಣ್ಣು. ಅದರ ಬೆಳಕು ಒಂದು ಫರ್ಲಾಂಗಿನಾಚೆಗೂ ಹೋಗುತ್ತದೆಯಂತೆ.

"ತಗೊಂಬಿಡು. ಒಂದ್ಸಲ ತಗೊಂಡ್ರೆ ಜೀವನಪೂರ್ತಿ ಬರುತ್ತೆ."

"ನನ್ನ ಬ್ಯಾರಕ್ಕು ಅಷ್ಟುದ್ದ ಇಲ್ಲ ರೀ. ಅದರ ದುಡ್ಡಲ್ಲಿ ಪಾಪೂನ ಸ್ಕೂಲಿಗೆ ಸೇರಿಸ್ಬಹುದು."

"ಒಳ್ಳೇದು ಕೊಡಿಸೋಣ ಅಂದ್ರೂ ಬೇಡ ಅಂತೀಯ" ಎಂದು ಅವರು ಸ್ವಲ್ಪ ಮುಖ ಊದಿಸಿಕೊಂಡರು. ಮಾರ್ಕೆಟ್ಟಿನ ಕಡೆಗೆ ಹೋಗುವ ಬಸ್ಸು ಹತ್ತುವವರೆಗೂ ಮಾತಾಡಲಿಲ್ಲ. ಬಸ್ಸಿನಲ್ಲಿದ್ದ ಕಂಡಕ್ಟರ್ ಇವರ ಗುರುತಿನವನಾಗಿದ್ದ. ಅವನ ಜೊತೆ ಹರಟೆ ಹೊಡೆದು ಇಳಿಯುವಷ್ಟರಲ್ಲಿ ಮುನಿಸು ಮರೆತೇಹೋಗಿತ್ತು.

ಮಾರ್ಕೆಟ್ಟಿನ ಹಿಂದಿನ ಎಲೆಕ್ಟ್ರಿಕಲ್ ಅಂಗಡಿಗಳ ಸಾಲಿನಲ್ಲಿ, ಒಬ್ಬರು ನಿಂತರೆ ಇನ್ನೊಬ್ಬರು ಒಳಗೆ ಬರಲಾಗದಂಥ ಅಂಗಡಿಯೊಂದಕ್ಕೆ ಹೋದೆವು. ಮುದುಕರಾದ ಅಂಗಡಿಯವರು ಕನ್ನಡಕದ ಮೇಲಿಂದ ನೋಡಿ, "ಟ್ರೆಕ್ಕಿಂಗಾಮ್ಮ?" ಎಂದರು. ಜೈಲು ಎನ್ನಲು ನನಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಗಂಡ ನಿರಾಳವಾಗಿ, "ಅಲ್ಲ ಸಾರ್, ಜೈಲಿಗೆ" ಎಂದುಬಿಟ್ಟರು.

ಪಕ್ಕದ ಅಂಗಡಿಯಲ್ಲಿ ವೈರು ಅಳೆಸುತ್ತಿದ್ದವರು ತಿರುಗಿ ನೋಡಿದರು. ಅಂಗಡಿಯವರು ನನ್ನ ಗಂಡನನ್ನು ಮೇಲಿಂದ ಕೆಳಗೆ ನೋಡಿ, "ಯಾವಾಗ ಹೋಗ್ತಿದೀರಿ?" ಎಂದು ಮರುಕದಿಂದ ಕೇಳಿದರು.

"ನಾನಲ್ಲ, ಇವಳು."

ಮರುಕ ಇನ್ನೂ ಹೆಚ್ಚಾಯಿತು. ನನಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಗುರುತಿನ ಚೀಟಿ ತೋರಿಸಿ ವಿಷಯ ಹೇಳಿದೆ. ಅವರೂ ನಕ್ಕರು. ಒಂದು ಸ್ಟೂಲು ಎಳೆದು ಕೂರಿಸಿ, ಒಳಗಿನ ಡಬ್ಬಗಳನ್ನೆಲ್ಲ ಗಲ್ಲಾದ ಮೇಲೆ ಸುರಿದರು. ನಾನು ಒಂದೊಂದನ್ನೇ ಅಂಗೈಯಲ್ಲಿ ಹಿಡಿದು ನೋಡಿದೆ. ನುಣುಪಾದವು ಬೆವರಿದ ಕೈಯಲ್ಲಿ ಜಾರುತ್ತವೆ ಎಂದು ಪಕ್ಕಕ್ಕಿಟ್ಟೆ. ಗುಂಡಗಿದ್ದವು ನೆಲಕ್ಕೆ ಬಿದ್ದರೆ ಉರುಳಿ ಕಂಬಿಯೊಳಗೆ ಹೋಗುತ್ತವೆ ಎಂದು ಅವನ್ನೂ ಇಟ್ಟೆ. ಕೊನೆಗೆ ಎರಡು ಉಳಿದವು. ಎರಡೂ ಬೆರಳುದ್ದದವು, ಅಲ್ಯೂಮಿನಿಯಂ ಮೈ, ಒಂದೇ ಸೆಲ್ಲು, ಜೇಬಿಗೆ ಸಿಕ್ಕಿಸಲು ಕ್ಲಿಪ್ಪು. ಕತ್ತಲಲ್ಲೂ ಹೆಬ್ಬೆರಳಿಗೆ ಸಿಗುವಂತೆ ಬಾಲದಲ್ಲಿ ಗುಂಡಿ.

"ಬೀಳಿಸಿ ನೋಡ್ಬಹುದಾ?" ಎಂದು ಕೇಳಿದೆ.

"ಕೇಳ್ತಾರೆ ನೋಡಿ" ಎಂದು ಅವರು ಗಂಡನ ಕಡೆ ತಿರುಗಿದರು. "ಬೀಳಿಸಿ. ಒಡೆದ್ರೆ ನಂದು, ಒಡೀದಿದ್ರೆ ನಿಮ್ದು."

ಅಂಗಡಿಯ ಮುಂದಿನ ಕಲ್ಲಿನ ಮೆಟ್ಟಿಲ ಮೇಲೆ ಎದೆಮಟ್ಟದಿಂದ ಎರಡನ್ನೂ ಬಿಟ್ಟೆ. ಎರಡೂ ಉರಿಯುತ್ತಲೇ ಇದ್ದವು. ಯಾವುದನ್ನು ಆರಿಸುವುದೆಂದು ತಿಳಿಯಲಿಲ್ಲ. ಹಗಲಿನ ಬೆಳಕಿನಲ್ಲಿ ಬೆಳಕನ್ನು ಪರೀಕ್ಷಿಸುವುದು ಹೇಗೆ? ಅಂಗಡಿಯವರೇ, "ಎರಡೂ ತಗೊಂಡ್ಹೋಗಿ, ಬೇಡದ್ದು ನಾಳೆ ವಾಪಸ್ ಕೊಡಿ. ಪೊಲೀಸಿನವರು, ಎಲ್ಲಿಗೆ ಹೋಗ್ತೀರ" ಎಂದರು. ಪೊಲೀಸು ಬೇರೆ, ನಾವು ಬೇರೆ ಎಂದು ಹೇಳಲು ಹೊರಟವಳು ಸುಮ್ಮನಾದೆ.

ಮನೆಗೆ ಬಂದಾಗ ಮಧ್ಯಾಹ್ನದ ಹೊತ್ತು. ಮಗಳು ನಡುಮನೆಯಲ್ಲಿ ಮಲಗಿದ್ದಳು. ನಮ್ಮ ನಡುಮನೆಗೆ ಕಿಟಕಿಯಿಲ್ಲ. ಬಾಗಿಲು ಮುಚ್ಚಿದರೆ ಹಗಲಲ್ಲೂ ಕತ್ತಲು. ಗಂಡನಿಗೆ ತಟ್ಟನೆ ಹೊಳೆಯಿತು. ಇಬ್ಬರೂ ಕಳ್ಳರಂತೆ ಒಳಗೆ ಹೋಗಿ ಬಾಗಿಲು ಮುಚ್ಚಿದೆವು. ನಾನು ಮೊದಲನೆಯದನ್ನು ಒತ್ತಿದೆ. ಕೋಣೆಯೆಲ್ಲ ಬೆಳ್ಳಗಾಯಿತು. ಅದರ ಗುಂಡಿ ಮೊದಲ ಒತ್ತಿಗೆ ಜೋರು ಬೆಳಕನ್ನೂ, ಎರಡನೆಯದಕ್ಕೆ ಸಣ್ಣದನ್ನೂ ಕೊಡುತ್ತಿತ್ತು. ಮಗಳು ಮುಖ ಕಿವುಚಿ, ಎದ್ದು ಕೂತು, ದೊಡ್ಡ ದನಿ ತೆಗೆದಳು.

ಅತ್ತೆ ಅಡುಗೆಮನೆಯಿಂದ ಓಡಿ ಬಂದರು. "ಏನ್ ಮಾಡ್ತಿದೀರಿ ಇಬ್ಬರೂ? ಮಲಗಿರೋ ಮಗು ಕಣ್ಣಿಗೆ ಲೈಟ್ ಬಿಡೋದಾ? ಬುದ್ಧಿ ಇಲ್ವಾ?"

ಆಗ ನಾನು ಹೇಳಿದೆ. ಕೆಲಸಕ್ಕೆ ಸೇರಿದಂದಿನಿಂದ ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಸುತ್ತು ಹಾಕುವುದು, ಉಸಿರು ನೋಡುವುದು, ಆ ಮಗು ಬೆಚ್ಚಿ ಏಳುವುದು, ಅದರ ತಾಯಿ ಬಂದು ಕೇಳಿದ್ದು, ಎಲ್ಲವನ್ನೂ ಹೇಳಿದೆ. ಅತ್ತೆ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದವರು ಕೈ ನಿಲ್ಲಿಸಿದರು.

"ಅಲ್ಲಿ ಮಕ್ಕಳು ಇರ್ತಾರಾ?"

"ಇರ್ತಾರೆ ಅತ್ತೆ. ಚಿಕ್ಕವರಾದ್ರೆ ತಾಯಿ ಜೊತೆ ಬಿಡ್ತಾರೆ."

"ಹಾಲು ಕೊಡ್ತಾರಾ?"

"ಕೊಡ್ತಾರೆ."

ಮಗಳು ಮತ್ತೆ ನಿದ್ದೆಹೋದ ಮೇಲೆ ಅತ್ತೆ ಅವಳನ್ನು ಚಾಪೆಯ ಮೇಲೆ ಮಲಗಿಸಿ, ತಾವೇ ಎದ್ದು ಬಾಗಿಲು ಮುಚ್ಚಿ ಬಂದರು. "ಈಗ ಆ ಇನ್ನೊಂದು ಹಾಕು. ಮಗು ಕಡೆ ಹಿಡೀಬೇಡ, ಗೋಡೆಗೆ ಹಿಡಿ" ಎಂದು ಪಿಸುಗುಟ್ಟಿದರು.

ಎರಡನೆಯ ಟಾರ್ಚು ಮೊದಲ ಒತ್ತಿಗೆ ಸಣ್ಣ ಬೆಳಕನ್ನೇ ಕೊಟ್ಟಿತು. ಸುಣ್ಣದ ಗೋಡೆಗೆ ತಾಗಿ ಅದು ಕೋಣೆಯಲ್ಲಿ ಹರಡಿತು. ಆದರೂ ಮಗಳ ರೆಪ್ಪೆ ಒಮ್ಮೆ ಅದುರಿತು. ಅತ್ತೆ ನನ್ನ ಕೈಯಿಂದ ಟಾರ್ಚನ್ನು ತೆಗೆದುಕೊಂಡು ತಮ್ಮ ಸೆರಗಿನ ಒಂದು ಮಡಿಕೆಯನ್ನು ಅದರ ಬಾಯಿಗೆ ಹೊದಿಸಿದರು. ಬಿಳಿ ಹೋಗಿ ಹಳದಿಯಾಯಿತು. ಮಗಳ ಫ್ರಾಕಿನ ಮೇಲಿನ ಚಿಟ್ಟೆ ಏಳುತ್ತಾ ಇಳಿಯುತ್ತಾ ಇರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಅಲುಗಲಿಲ್ಲ. ನಾವು ಮೂವರೂ ಆ ಉಸಿರನ್ನೇ ನೋಡುತ್ತಾ ಕೂತೆವು. ಅವಳನ್ನು ಅಷ್ಟು ಹೊತ್ತು ಸುಮ್ಮನೆ ನೋಡಿ ನಮಗೆ ಎಷ್ಟು ದಿನವಾಗಿತ್ತೋ.

ಸಂಜೆ ಅತ್ತೆ ಹಳೆಯ ಹಳದಿ ರವಿಕೆಯೊಂದನ್ನು ಕತ್ತರಿಸಿ, ಆ ಎರಡನೆಯ ಟಾರ್ಚಿನ ತಲೆಗೆ ಸರಿಯಾಗಿ ಕೂರುವ ಟೋಪಿ ಹೊಲಿದರು. ಬೇಕಾದಾಗ ಹಾಕಬಹುದು, ಬೇಡವಾದಾಗ ಎಳೆದು ತೆಗೆಯಬಹುದು. ಅಂಚಿಗೆ ಸಣ್ಣ ಎಲಾಸ್ಟಿಕ್ಕು. ಕಾಲರ್ ಹೊಲಿದ ಕೈ, ಒಂದು ನೂಲೂ ಆಚೀಚೆ ಹೋಗಿರಲಿಲ್ಲ. ಮರುದಿನ ಗೇಟಿನಲ್ಲಿ ತಪಾಸಣೆ ಮಾಡಿದವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನ್ರೀ, ಟಾರ್ಚಿಗೆ ಕುಲಾವಿ?" ಎಂದರು. ಜೈಲರ್ ಸಾಹೇಬರಿಗೆ ತೋರಿಸಿದೆ. ಅವರು ಮುಖದಲ್ಲಿ ಯಾವ ಭಾವವನ್ನೂ ತೋರಿಸದೆ, "ಇರಲಿ ಬಿಡಿ" ಎಂದು ಸಹಿ ಹಾಕಿದರು.

ಆ ಮಗು ಒಂದೇ ರಾತ್ರಿಯಲ್ಲಿ ಸರಿಹೋಗಲಿಲ್ಲ. ಅಭ್ಯಾಸಬಲದಿಂದ ನನ್ನ ಬೂಟಿನ ಸದ್ದಿಗೇ ಏಳುತ್ತಿತ್ತು. ನಾನು ಕಾಲನ್ನು ಮೆಲ್ಲಗೆ ಇಡುವುದನ್ನು ಕಲಿತೆ. ಕೈಯನ್ನು ಕಂಬಿಯೊಳಗೆ ತೂರಿಸಿ ಬೆಳಕನ್ನು ಗೋಡೆಗೆ ಹಿಡಿಯುತ್ತಿದ್ದೆ. ಬರಬರುತ್ತಾ ಮಗು ನಿದ್ದೆಯಲ್ಲೇ ಮಗ್ಗುಲು ಬದಲಿಸುವಷ್ಟಕ್ಕೆ ಬಂತು. ಇನ್ನೊಂದು ಬದಲಾವಣೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಚಾದರವನ್ನು ಮುಖದಿಂದ ಕೆಳಗೆ ಎಳೆದುಕೊಂಡು ಮಲಗತೊಡಗಿದರು. ಹಗಲಿನಲ್ಲಿ ಸದಾ ಗಂಟಿಕ್ಕಿಕೊಂಡಿರುತ್ತಿದ್ದ ಮುಖಗಳು ನಿದ್ದೆಯಲ್ಲಿ ಹೇಗಿರುತ್ತವೆಂದು ನನಗೆ ಗೊತ್ತಾದದ್ದು ಆಗಲೇ.

ಚಳಿಗಾಲ ಬಂತು. ಒಂದು ಬೆಳಗಿನ ಜಾವದ ಸುತ್ತಿನಲ್ಲಿ, ಗೋಡೆಯ ಪಕ್ಕ ಮಲಗುತ್ತಿದ್ದ ವಯಸ್ಸಾದ ಹೆಂಗಸಿನ ಹಣೆ ಹೊಳೆಯುವುದು ಕಂಡಿತು. ಎಲ್ಲರೂ ಚಳಿಗೆ ಮುದುರಿಕೊಂಡಿದ್ದಾಗ ಅವರೊಬ್ಬರೇ ಬೆವರುತ್ತಿದ್ದರು. ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಎಣಿಕೆಯ ಪ್ರಕಾರ ಎಲ್ಲ ಸರಿಯಾಗಿತ್ತು. ಆದರೂ ಮುಂದೆ ಹೋಗಲು ಕಾಲು ಬರಲಿಲ್ಲ. "ಅಜ್ಜಿ" ಎಂದು ಕರೆದೆ. ತೊದಲುತ್ತಾ ಯಾರದೋ ಹೆಸರು ಹೇಳಿದರು. ಟೋಪಿ ಎಳೆದು, ಗುಂಡಿಯನ್ನು ಇನ್ನೊಮ್ಮೆ ಒತ್ತಿ ಜೋರು ಬೆಳಕು ಹಾಕಿದೆ. ತುಟಿ ಬಿಳಿಚಿಕೊಂಡಿತ್ತು. ಪಕ್ಕದಲ್ಲಿದ್ದ ಮಗುವಿನ ತಾಯಿ ಎದ್ದು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಇವರಿಗೆ ಸಕ್ಕರೆ ಕಾಯಿಲೆ ಮೇಡಂ, ರಾತ್ರಿ ಊಟ ಬೇಡ ಅಂದ್ರು" ಎಂದಳು. ನಾನು ಸೀಟಿ ಊದಿದೆ. ಬೀಗ ತೆಗೆಸಿ, ನರ್ಸ್ ಬಂದು, ಬಾಯಿಗೆ ಗ್ಲೂಕೋಸ್ ಹಾಕಿ, ಆಂಬುಲೆನ್ಸಿಗೆ ಹತ್ತಿಸುವಷ್ಟರಲ್ಲಿ ಬೆಳಕು ಹರಿದಿತ್ತು. ಸಕ್ಕರೆ ಅಂಶ ತೀರಾ ಇಳಿದುಹೋಗಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತಂತೆ.

ಅಜ್ಜಿ ಉಳಿದರು. ಕೆಲವು ದಿನಗಳ ನಂತರ ವಾಪಸಾಗಿ ಬಿಸಿಲಿನಲ್ಲಿ ಕೂತಿದ್ದಾಗ ನನ್ನನ್ನು ಕರೆದು ಪಕ್ಕದಲ್ಲಿ ಕೂರಲು ಹೇಳಿದರು. ಕೂರುವ ಹಾಗಿಲ್ಲ ಎಂದೆ. "ಹಂಗಾದ್ರೆ ನಿಂತ್ಕೋ" ಎಂದು ನನ್ನ ಕೈಯನ್ನು ಹಿಡಿದುಕೊಂಡರು.

ಮನೆಯಲ್ಲಿ ಈ ಕಥೆಯನ್ನು ಹೇಳಿದಾಗ ಅತ್ತೆ ಅಕ್ಕಿ ಆರಿಸುತ್ತಿದ್ದರು. ಮೊರದಿಂದ ತಲೆ ಎತ್ತದೆ ಕೇಳಿದರು.

"ಅವರನ್ನ ನೋಡಕ್ಕೆ ಮನೆಯವರು ಬರಲ್ವಾ?"

"ಯಾರೂ ಬರಲ್ಲ ಅತ್ತೆ."

"ನಾನು ಬರಬಹುದಾ?"

ನಾನು ಅವರ ಮುಖವನ್ನು ನೋಡಿದೆ. ತಮಾಷೆಗೆ ಕೇಳಿದ್ದಲ್ಲ. ಸಿಬ್ಬಂದಿಯ ಮನೆಯವರು ಖೈದಿಗಳನ್ನು ಭೇಟಿ ಮಾಡುವ ಹಾಗಿಲ್ಲ ಎಂದು ವಿವರಿಸಿದೆ. "ಹೌದಾ" ಎಂದರು. ಅಕ್ಕಿಯಲ್ಲಿ ಸಿಕ್ಕ ಒಂದು ಕಲ್ಲನ್ನು ಆರಿಸಿ ಬಾಗಿಲಾಚೆ ಎಸೆದರು. ಆಮೇಲಿಂದ ನಾನು ಪಾಳಿ ಮುಗಿಸಿ ಬಂದಾಗಲೆಲ್ಲ ಕಾಫಿ ಲೋಟವನ್ನು ಮುಂದಿಟ್ಟು ಅವರು ಕೇಳುವ ಮೊದಲ ಮಾತು, "ನಿಮ್ಮಜ್ಜಿ ಊಟ ಮಾಡಿದ್ರಾ?" ಎಂಬುದೇ ಆಯಿತು. ಮಾಡಿದರು ಎಂದು ನಾನು ಹೇಳಿದ ಮೇಲೆಯೇ ಅವರು ತಮ್ಮ ಕಾಫಿಯನ್ನು ಕೈಗೆತ್ತಿಕೊಳ್ಳುತ್ತಿದ್ದರು.